ಎಲೆಮುನಿಸಿಗೆ ಹೋದ ವಾಚು

ಅಪ್ಪ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಪಕ್ಕದ ಮನೆಯ ಕೆರಿಯಪ್ಪ ಒಂದು ಬೆಳಿಗ್ಗೆ ನಮ್ಮ ಜಗಲಿಯ ಮೇಲೆ ಬಂದು ಕೂತು, ಎಲೆಯಡಿಕೆಯ ಚಂಚಿ ಬಿಚ್ಚಿ, ಅದರೊಳಗೆ ಬಹಳ ಹೊತ್ತು ಏನನ್ನೋ ಹುಡುಕುತ್ತಿದ್ದ. ಕೇಳಲು ಸಂಕೋಚವಿದ್ದಾಗ ಅವನು ಹಾಗೆಯೇ ಮಾಡುವುದು.

"ಎಂತ ಕೆರಿಯಣ್ಣ, ಬೆಳಗಾಗೋದ್ರೊಳಗೆ ಬಂದ್ಯಲ್ಲ?" ಎಂದೆ.

"ಒಂದು ಮಾತು ಕೇಳನ ಅಂತ ಬಂದೆ ಅಕ್ಕೋರೆ. ನೀವು ವಾಚು ತಗಂಡು ಗೊತ್ತಿರೋರು. ಸಾಗರದಲ್ಲಿ ಯಾವ ಅಂಗಡಿ ಒಳ್ಳೇದು? ಯಾವುದು ಗಟ್ಟಿ ಬರ್ತದೆ?"

"ಯಾರಿಗೆ ವಾಚು?"

"ಬ್ಯಾಕೋಡಿನ ಹುಡುಗಂಗೆ. ನಮ್ಮ ಜಲಜನ್ನ ಕೊಡ್ತಿರೋದು. ಮದುವೆ ಊಟದ ಎಲೆಮುನಿಸಿಗೆ ವಾಚು ಕೇಳ್ತಾರಂತೆ. ಅವತ್ತು ಪರದಾಡೋದು ಬ್ಯಾಡ, ಮೊದಲೇ ತಂದಿಟ್ಕಳನ ಅಂತ."

"ಎಲೆಮುನಿಸಿಗೆ ವಾಚು ಕೇಳೋ ಪದ್ಧತಿ ಎಲ್ಲಿಂದ ಬಂತು ಕೆರಿಯಣ್ಣ?"

ಅವನು ನನ್ನ ಮುಖವನ್ನು ಆಶ್ಚರ್ಯದಿಂದ ನೋಡಿದ. "ನಿಮ್ಮನೆಯಿಂದ್ಲೇ ಬಂತಲ್ಲ! ನಿಮ್ಮಪ್ಪ ಹುಲಿಯಪ್ಪಣ್ಣ ಕೈಯಲ್ಲಿದ್ದುದನ್ನೇ ಬಿಚ್ಚಿ ಅಳಿಯಂಗೆ ಕೊಟ್ಟ. ಕರ್ಣ ಕವಚ ಬಿಚ್ಚಿದ ಹಾಗೆ. ಈಗ ಎಲ್ಲಾ ಕಡೆ ಅದೇ ಮಾತು. ಟಪ್ಪಾಲು ಹೊರೋ ಹುಲಿಯಪ್ಪ ಕೊಟ್ಟ, ಗದ್ದೆ ಮಾಡೋ ನಿಮಗೆ ಕೊಡಕ್ಕಾಗಲ್ವಾ ಅಂತಾರೆ."

ನನ್ನ ಮೈಯೆಲ್ಲ ಉರಿದುಹೋಯಿತು. ಸತ್ತವರ ಹೆಸರಿನಲ್ಲಿ ಎಡೆ ಇಡುತ್ತಾರೆ, ದೀಪ ಹಚ್ಚುತ್ತಾರೆ. ನಮ್ಮ ಅಪ್ಪನ ಹೆಸರಿನಲ್ಲಿ ಹೆಣ್ಣು ಹೆತ್ತವರ ಕಿಸೆಗೆ ಕೈ ಹಾಕುತ್ತಿದ್ದಾರೆ. ಅದನ್ನು ಹೊಗಳಿಕೆ ಎಂದು ನಾನು ಕೇಳಿಕೊಳ್ಳಬೇಕು! ಅವತ್ತು ನಡೆದದ್ದು ದಾನವಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಮ್ಮ ಅಪ್ಪನದು ಟಪ್ಪಾಲು ಹೊರುವ ಕೆಲಸ. ನಮ್ಮ ಹಳ್ಳಿಯ ಅಂಚೆಯ ಚೀಲವನ್ನು ಬೆಳಿಗ್ಗೆ ಹೊತ್ತು, ಕಾಡು ದಾಟಿ, ರಿಪ್ಪನ್‌ಪೇಟೆ ರಸ್ತೆಯ ಕೈಮರದ ಹತ್ತಿರ ಬಸ್ಸಿಗೆ ಕೊಡಬೇಕು. ಬಸ್ಸಿನಿಂದ ಇಳಿಸಿದ ಚೀಲವನ್ನು ಹೊತ್ತು ತಿರುಗಿ ಬರಬೇಕು. ಕೈಮರವೆಂದರೆ ಊರಲ್ಲ. ದಾರಿಗಳು ಕೂಡುವ ಕಡೆ ಊರುಗಳ ಹೆಸರು ಬರೆದು ನೆಟ್ಟ ಒಂದು ಕಂಬ, ಅಷ್ಟೆ. ಒಂದು ಅಂಗಡಿಯಿಲ್ಲ, ತಲೆಯ ಮೇಲೆ ಒಂದು ಸೋಗೆಯ ಮರೆಯಿಲ್ಲ.

ಅಪ್ಪನಿಗೆ ತಲೆ ನೆರೆತಿದ್ದರೂ ಕಾಲು ನೆರೆತಿರಲಿಲ್ಲ. ಅವನ ಜೊತೆ ನಡೆಯುವವರು ಓಡಬೇಕಾಗುತ್ತಿತ್ತು. ಚೀಲ ತಂದು ಇಳಿಸಿದ ಮೇಲೆ ಸುಮ್ಮನೆ ಕೂರುವ ಜಾತಿಯಲ್ಲ. ಯಾರದೋ ಮನೆಯ ಹಲಸಿನ ಮರ ಹತ್ತುವುದು, ಹಳ್ಳದ ಮೇಲಿನ ಮರದ ಸಂಕ ಕೊಚ್ಚಿಹೋಗಿದ್ದರೆ ಹೊಸ ದಿಮ್ಮಿ ಎಳೆದು ಹಾಕುವುದು, ಬಾವಿಗೆ ಬಿದ್ದ ಕೊಡ ತೆಗೆಯುವುದು. "ಹುಲಿಯಪ್ಪ, ನಿಂಗೆ ದಣಿವು ಅನ್ನೋದು ಬರಲ್ವಾ?" ಎಂದು ಯಾರಾದರೂ ಕೇಳಿದರೆ, "ಬರ್ತದೆ ಮಾರಾಯ, ನಾನು ಮನೇಲಿ ಇರಲ್ಲ, ಹಂಗೇ ವಾಪಸ್ ಹೋಗ್ತದೆ" ಎನ್ನುತ್ತಿದ್ದ.

ಅಂಥವನನ್ನು ಸೋಲಿಸಿದ್ದು ಆ ಬಸ್ಸು. ಬಸ್ಸು ತಡವಾಗಿ ಬಂದರೆ ಕೇಳುವವರಿಲ್ಲ. ಅಪ್ಪ ತಡವಾಗಿ ಹೋದರೆ ಮೇಲಿನವರಿಂದ ಸಮಜಾಯಿಷಿ ಕೇಳಿ ಕಾಗದ ಬರುತ್ತಿತ್ತು. ಬೇಸಗೆಯಲ್ಲಿ ಹೊತ್ತು ನೋಡಿ ಹೊರಡುತ್ತಿದ್ದ. ಮಳೆಗಾಲದಲ್ಲಿ ಯಾವ ಹೊತ್ತನ್ನು ನೋಡುವುದು? ಆರಿದ್ರೆ ಮಳೆ ಹಿಡಿದರೆ ನಮ್ಮ ಕಡೆ ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ. ಒಂದು ಸಲ ಬಸ್ಸು ತಪ್ಪಿದ್ದೇ ತಪ್ಪಿದ್ದು, ಆಮೇಲೆ ಅಪ್ಪ ಕೋಳಿ ಕೂಗುವ ಮೊದಲೇ ಎದ್ದು, ಬರಿ ಹೊಟ್ಟೆಯಲ್ಲಿ ಹೊರಟುಹೋಗುತ್ತಿದ್ದ. ಕೈಮರದಲ್ಲಿ ಮಳೆಗೆ ನಿಂತುಕೊಂಡು ಬಸ್ಸಿನ ಸದ್ದಿಗೆ ಕಿವಿ ಕೊಟ್ಟು ಕಾಯುತ್ತಿದ್ದ. ಮಳೆಗೆ ಎಲೆಯಿಂದ ಹೆಣೆದ ಗೊರಬನ್ನು ತಲೆಗೆ ಹಾಕಿಕೊಳ್ಳುತ್ತಿದ್ದನೋ ಎಂದರೆ ಅದೂ ಇಲ್ಲ; ಅದನ್ನು ಚೀಲಕ್ಕೆ ಮುಚ್ಚಿ ತಾನು ನೆನೆಯುತ್ತಿದ್ದ. ಮನೆಗೆ ಬಂದರೆ ಕೆಮ್ಮು. ಬೆನ್ನಿನ ಮೇಲೆ ಕೈಯಿಟ್ಟರೆ ಒಳಗೆ ಗೊರಗೊರ ಎನ್ನುವುದು ತಿಳಿಯುತ್ತಿತ್ತು.

"ಇಷ್ಟು ಮುಂಚೆ ಯಾಕೆ ಹೋಗ್ತೀಯ ಅಪ್ಪ? ಗಂಜಿ ಕುಡಿದು ಹೋಗಬಾರದಾ?" ಎಂದರೆ, "ಬಸ್ಸು ನನ್ನ ಅಳಿಯ ಅಲ್ಲ ಕಣೆ, ನಾನು ಬರೋತಂಕ ಕಾಯ್ತಾ ನಿಲ್ಲಕ್ಕೆ" ಎನ್ನುತ್ತಿದ್ದ.

ಆಗಲೇ ನಾನು ಅವನಿಗೆ ಒಂದು ಕೈಗಡಿಯಾರ ತರಬೇಕೆಂದು ನಿಶ್ಚಯ ಮಾಡಿದೆ. ನನಗೆ ಮದುವೆಯಾದ ಎರಡನೆಯ ವರ್ಷವೇ ಗಂಡ ಹೋದರು. ಮೂಲೆಯಲ್ಲಿ ಕೂರಬೇಕಾಗಿದ್ದವಳನ್ನು ಅಪ್ಪ ಮನೆಗೆ ಕರೆತಂದು, ಜನರ ಮಾತನ್ನೆಲ್ಲ ಕೇಳಿಸಿಕೊಂಡು, ಮತ್ತೆ ಶಾಲೆಗೆ ಕಳಿಸಿದ. ಹಾಗಾಗಿ ನಾನು ಊರ ಶಾಲೆಯಲ್ಲಿ ಅಕ್ಕೋರು ಆದೆ. ನನ್ನ ಸಂಬಳದಲ್ಲಿ ಅವನಿಗೆ ಒಂದು ಪಂಚೆಯ ಹೊರತು ಬೇರೇನೂ ತೆಗೆದುಕೊಡಲು ಅವನು ಬಿಟ್ಟಿರಲಿಲ್ಲ. ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತ ಮಾರನೆಯ ವರ್ಷ, ಮಳೆಗಾಲ ಹಿಡಿಯುವ ಮೊದಲು, ಯಾರಿಗೂ ಹೇಳದೆ ಸಾಗರಕ್ಕೆ ಹೋದೆ.

ವಾಚಿನ ಅಂಗಡಿಯವರು ನನ್ನ ಕೊಡೆಯನ್ನೂ ಚೀಲವನ್ನೂ ನೋಡಿ, "ಬನ್ನಿ ಅಕ್ಕೋರೆ, ಕೂತ್ಕೊಳ್ಳಿ. ಗಂಡು ಯಾವೂರು?" ಎಂದರು.

"ಯಾವ ಗಂಡು?"

"ವಾಚು ಕಟ್ಟಿಕೊಳ್ಳೋ ಗಂಡು."

ಉತ್ತರ ಹೇಳುವುದರೊಳಗೆ ಗಾಜಿನ ಕೆಳಗಿನಿಂದ ಬಂಗಾರದ ಬಣ್ಣದ ವಾಚುಗಳನ್ನು ಸಾಲಾಗಿ ತೆಗೆದಿಟ್ಟರು. ಎಲ್ಲವೂ ಅಪ್ಪಳದ ಹಾಗೆ ತೆಳ್ಳಗೆ. ಅಂಕಿಯ ಬದಲು ಕಡ್ಡಿ ಗೀಟುಗಳು.

"ಗಂಡಿಗಲ್ಲ. ನಮ್ಮಪ್ಪನಿಗೆ" ಎಂದೆ.

ಅವರು ಕನ್ನಡಕವನ್ನು ಹಣೆಗೆ ಏರಿಸಿದರು. "ಅಪ್ಪನಿಗಾ? ನೋಡಿ ಅಕ್ಕೋರೆ, ನಾನು ಈ ಅಂಗಡಿ ಇಟ್ಟಾಗಿನಿಂದ ಅಪ್ಪ ಅಳಿಯನಿಗೆ ವಾಚು ತಗೊಳ್ಳೋದು ನೋಡಿದೀನಿ. ಅಳಿಯ ಬಂದು ಇದು ಸಣ್ಣದಾಯ್ತು ಅಂತ ಮಾವನ್ನ ಬಯ್ಯೋದೂ ನೋಡಿದೀನಿ. ಮಗಳು ಅಪ್ಪನಿಗೆ ತಗೊಂಡಿದ್ದು ನೋಡಿಲ್ಲ. ಏನು ಮಾಡ್ಕೊಂಡಿದಾರೆ ಅಪ್ಪ?"

"ಟಪ್ಪಾಲು ಹೊರ್ತಾರೆ."

ಅಂಗಡಿಯಲ್ಲಿ ಕೂತಿದ್ದ ಇನ್ನಿಬ್ಬರು ನಕ್ಕರು. ಅವರಲ್ಲೊಬ್ಬ, "ಟಪ್ಪಾಲಿನೋರಿಗೆ ವಾಚು, ಇನ್ನು ಎತ್ತಿಗೆ ಕನ್ನಡಕ" ಎಂದ. ನಾನು ಅವನ ಕೈಯನ್ನು ನೋಡಿದೆ. ಅವನ ಕೈಯಲ್ಲಿ ಹೊಳೆಯುವ ವಾಚಿತ್ತು. ಬೆಳಗಿನ ಬಿರುಸು ಕಳೆಯುವ ಮೊದಲೇ ಅಂಗಡಿಯ ಬೆಂಚಿನ ಮೇಲೆ ಕೂತು ಹರಟುವವನಿಗೆ ಗಂಟೆ ಎಷ್ಟಾದರೇನು? ಯಾರಿಗೆ ಹೊತ್ತಿನ ಅಗತ್ಯವಿಲ್ಲವೋ ಅವರ ಕೈಯಲ್ಲೆಲ್ಲ ವಾಚು. ಹೊತ್ತು ತಪ್ಪಿದರೆ ಶಿಕ್ಷೆ ಅನುಭವಿಸುವವನು ಆಕಾಶ ನೋಡಬೇಕು!

"ನಮ್ಮಪ್ಪ ಮಳೇಲಿ ನೆನೀತಾರೆ, ಮರ ಹತ್ತುತಾರೆ, ದಿಮ್ಮಿ ಹೊರ್ತಾರೆ. ಅದಕ್ಕೆ ತಡೆಯೋ ವಾಚಿದ್ರೆ ತೋರಿಸಿ. ಇಲ್ಲದಿದ್ರೆ ಬೇರೆ ಅಂಗಡಿ ನೋಡ್ತೀನಿ" ಎಂದೆ.

ಅಂಗಡಿಯವರು ಮುಖ ಗಂಭೀರ ಮಾಡಿಕೊಂಡು ಒಳಗಿನಿಂದ ಒಂದು ಡಬ್ಬಿ ತಂದರು. ಬೆಂಗಳೂರಿನಲ್ಲಿ ಮಾಡಿದ ವಾಚು. ಉಕ್ಕಿನ ಮೈ, ದಪ್ಪ ಗಾಜು, ತಿರುಪು ಹಾಕಿ ಕೂರಿಸಿದ ಹಿಂಬದಿಯ ಮುಚ್ಚಳ. ಅಂಕಿಗಳು ಒಂದರಿಂದ ಹನ್ನೆರಡರವರೆಗೆ ಮಗ್ಗಿ ಪುಸ್ತಕದಲ್ಲಿ ಇರುವ ಹಾಗೆ ಸ್ಪಷ್ಟವಾಗಿದ್ದವು. ಅವಕ್ಕೂ ಮುಳ್ಳುಗಳಿಗೂ ಕತ್ತಲೆಯಲ್ಲಿ ಹೊಳೆಯುವ ಬಣ್ಣ ಹಚ್ಚಿತ್ತು. "ಇದು ವಾಟರ್‌ಪ್ರೂಫು. ಬಿದ್ದರೂ ಏನಾಗಲ್ಲ. ಚೆಂದ ಮಾತ್ರ ಇಲ್ಲ, ಅದಕ್ಕೇ ಯಾರೂ ತಗೊಳ್ಳಲ್ಲ" ಎಂದರು.

"ವಾಟರ್‌ಪ್ರೂಫು ಅಂತ ಹೇಗೆ ನಂಬೋದು?"

"ಬರೆದಿದೆಯಲ್ಲ ಅಕ್ಕೋರೆ, ಇಲ್ಲಿ."

"ನಾನು ದಿನಾ ಹುಡುಗರಿಗೆ ಬರೆಯೋದು ಕಲಿಸೋಳು. ಬರೆಯೋದು ಸುಲಭ. ಒಂದು ಲೋಟ ನೀರು ತರಿಸಿ. ಅದರಲ್ಲಿ ಹಾಕಿ."

ಅವರು ಹೌಹಾರಿದರು. "ಹೊಸ ವಾಚನ್ನ ನೀರಿಗೆ ಹಾಕೋದಾ?"

"ಆಷಾಢದಲ್ಲಿ ನಮ್ಮಪ್ಪನ ಕೈ ನೀರಲ್ಲೇ ಇರ್ತದೆ. ಸಾಯೋದಿದ್ರೆ ನಿಮ್ಮ ಅಂಗಡಿಯಲ್ಲೇ ಸಾಯಲಿ. ಆ ಕಾಡಲ್ಲಿ ಅವನ ಕೈ ಮೇಲೆ ಸತ್ತರೆ ಯಾರನ್ನ ಕೇಳೋದು?"

ಬೆಂಚಿನವರು ಎದ್ದು ಹತ್ತಿರ ಬಂದರು. ಬೀದಿಯಲ್ಲಿ ಹೋಗುತ್ತಿದ್ದವರೂ ನಿಂತರು. ಇಷ್ಟು ಜನರ ಮುಂದೆ ಹಿಂದೆಗೆದರೆ ವ್ಯಾಪಾರ ಕೆಡುತ್ತದೆಂದು ಅಂಗಡಿಯವರು ದೇವರ ಪಟಕ್ಕೆ ಒಮ್ಮೆ ಕೈಮುಗಿದು ವಾಚನ್ನು ಲೋಟಕ್ಕೆ ಬಿಟ್ಟರು. ನಾನು ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿದು ಬರುವವರೆಗೂ ಅದು ಅಲ್ಲೇ ಇತ್ತು. ಸೆಕೆಂಡಿನ ಮುಳ್ಳು ನೀರಿನೊಳಗೆ ಮೀನಿನ ಮರಿಯ ಹಾಗೆ ಸುತ್ತುತ್ತಿತ್ತು. ಎತ್ತಿ ಒರೆಸಿ ಕಿವಿಗೆ ಹಿಡಿದೆ. ಗಟ್ಟಿಯಾಗಿ ನಡೆಯುತ್ತಿತ್ತು.

ಪಟ್ಟಿಯ ಮಾತು ಉಳಿಯಿತು. ಚರ್ಮದ್ದು ಮಳೆಗೆ ಕೊಳೆಯುತ್ತದೆ, ಅಲ್ಲದೆ ಅಪ್ಪ ಚೌಡಮ್ಮ ದೇವಿಯ ಬನಕ್ಕೆ ಚರ್ಮ ಕಟ್ಟಿಕೊಂಡು ಹೋಗಲಾರ. ಉಕ್ಕಿನ ಸರಪಳಿ ಕೈಯ ಕೂದಲು ಕೀಳುತ್ತದೆ. ಕೊನೆಗೆ ಮಿಲಿಟರಿಯವರು ಕಟ್ಟುವಂಥ ದಪ್ಪ ನೂಲಿನ ಪಟ್ಟಿ ಹಾಕಿಸಿದೆ. ಅಪ್ಪನ ಮಣಿಕಟ್ಟಿನ ಅಳತೆಯನ್ನು ಬಾಳೆನಾರಿನಲ್ಲಿ ತೆಗೆದುಕೊಂಡು ಹೋಗಿದ್ದೆ. ಪಟ್ಟಿಯ ತುದಿಯಲ್ಲಿ ಇನ್ನೆರಡು ತೂತು ಹೊಡೆಯಬೇಕಾಯಿತು.

"ಎಂಥ ಕೈ ಅಕ್ಕೋರೆ ಇದು!" ಎಂದರು ಅಂಗಡಿಯವರು. ಈ ಸಲ ಯಾರೂ ನಗಲಿಲ್ಲ.

ಅಪ್ಪ ಮೊದಲು ನನ್ನನ್ನು ಬೈದ. ಆಮೇಲೆ ವಾಚನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದ. ಆಮೇಲೆ ಕಟ್ಟಿಕೊಂಡು, ಕೈಯನ್ನು ದೇಹದಿಂದ ದೂರ ಹಿಡಿದು, ಅದು ತನ್ನ ಕೈಯಲ್ಲವೆಂಬಂತೆ ಮನೆಯೆಲ್ಲ ತಿರುಗಿದ. ನನ್ನ ತಂಗಿ ಸರೋಜ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. "ಅಪ್ಪ, ಕೈ ಮಡಚು. ವಾಚು ಚೆಲ್ಲಿ ಹೋಗಲ್ಲ!"

ಆ ಮಳೆಗಾಲ ಅಪ್ಪ ಬೆಳಗಿನ ಗಂಜಿ ಕುಡಿದು, ಒಲೆಯ ಮುಂದೆ ಬೆನ್ನು ಕಾಸಿಕೊಂಡು, ವಾಚು ನೋಡಿ ಎದ್ದು ಹೊರಡುತ್ತಿದ್ದ. ಅವನು ಕೈಮರ ಮುಟ್ಟಿ ಚೀಲ ಇಳಿಸುವಷ್ಟರಲ್ಲಿ ಬಸ್ಸು. ಕೆಮ್ಮು ಕಡಿಮೆಯಾಯಿತು. ಸಂಕ ಹಾಕುವಾಗ ದಿಮ್ಮಿ ಜಾರಿ ವಾಚಿನ ಮೇಲೆ ಉಜ್ಜಿತು. ಉಕ್ಕಿನ ಮೇಲೆ ಒಂದು ಗೀರು ಬಿತ್ತು, ವಾಚು ನಿಲ್ಲಲಿಲ್ಲ. ನನ್ನ ಗಂಡ ಹೋದ ಮೇಲೆ ನಾನು ದೇವರಿಗೆ ಮನಸ್ಸು ತುಂಬಿ ಕೈಮುಗಿದದ್ದು ಆ ಮಳೆಗಾಲದಲ್ಲಿ.

ಮುಂದಿನ ವೈಶಾಖದಲ್ಲಿ ಸರೋಜಳ ಮದುವೆ ಕೂಡಿಬಂತು. ಹುಡುಗ ಶೇಷಪ್ಪ, ತೀರ್ಥಹಳ್ಳಿಯಲ್ಲಿ ಸೊಸೈಟಿಯ ಗುಮಾಸ್ತ. ಅವನಿಗೆ ಅಪ್ಪನಿರಲಿಲ್ಲ. ಎಲ್ಲ ಮಾತುಕತೆಗೂ ಸೋದರಮಾವ ಹೂವಯ್ಯನೇ ಮುಂದೆ. ಬಿಳಿ ಜುಬ್ಬ, ಹೆಗಲ ಮೇಲೆ ಮಡಿಸಿದ ಶಲ್ಯ, ಮಾತೆತ್ತಿದರೆ ಸುಧಾರಣೆ. ನಮ್ಮ ಜನದಲ್ಲಿ ಗಂಡಿನ ಕಡೆಯವರು ಹೆಣ್ಣಿನ ಅಪ್ಪನಿಗೆ ತೆರ ಕೊಡುವುದು ಹಿಂದಿನಿಂದ ಬಂದದ್ದು. ಹೂವಯ್ಯ ನಮ್ಮ ಜಗಲಿಯ ಮೇಲೆ ಕೂತು, "ತೆರ ಅನ್ನೋದು ಹೆಣ್ಣು ಮಾರಿದ ಹಾಗೆ ಬೀಗ್ರೆ. ಕಾಲ ಬದಲಾಯ್ತು. ಕೊಡೋದೂ ಬೇಡ, ತಗಳೋದೂ ಬೇಡ" ಎಂದ. ಅಪ್ಪನಿಗೆ ಅದು ಬಹಳ ಹಿಡಿಸಿತು. "ಓದಿದೋರು ಅಂದ್ರೆ ಹಿಂಗಿರಬೇಕು" ಎಂದು ನನ್ನ ಹತ್ತಿರ ಹೊಗಳಿದ. ಕೊಡುವುದು ಬೇಡ ಎಂದದ್ದು ಮಾತ್ರ ನಿಜವಾಯಿತು.

ಎಲೆಮುನಿಸು ನಮ್ಮ ಹಿರಿಯರು ನಗುವುದಕ್ಕೆಂದು ಮಾಡಿಟ್ಟ ಶಾಸ್ತ್ರ. ಧಾರೆ ಮುಗಿದು ಗಂಡಿನ ಕಡೆಯವರು ಊಟಕ್ಕೆ ಕೂತಾಗ ಮದುಮಗ ಎಲೆಗೆ ಕೈ ಹಾಕುವುದಿಲ್ಲ. ಮುಖ ಊದಿಸಿಕೊಂಡು ಕೂರುತ್ತಾನೆ. ಅವನು ಉಣ್ಣದೆ ಪಂಕ್ತಿಯಲ್ಲಿ ಬೇರೆ ಯಾರೂ ಉಣ್ಣುವ ಹಾಗಿಲ್ಲ. ಹೆಣ್ಣಿನ ಅಪ್ಪ ಬಂದು ಏನು ಬೇಕೆಂದು ಕೇಳಬೇಕು. ಹುಡುಗ ಕುಂಬಳಕಾಯಿ ಕೇಳುತ್ತಾನೆ, ಬಾಳೆಗೊನೆ ಕೇಳುತ್ತಾನೆ, ಬಹಳವೆಂದರೆ ಒಂದು ಕರು ಕೇಳುತ್ತಾನೆ. ಕೇಳಿದ್ದಕ್ಕೆ ಇಲ್ಲವೆನ್ನಬಾರದು, ಮನೆಯಲ್ಲಿ ಬೆಳೆಯದ್ದನ್ನು ಕೇಳಬಾರದು. ನನ್ನ ಮದುವೆಯಲ್ಲಿ ನನ್ನವರು ಕೇಳಿದ್ದು ಮಾವಿನಮಿಡಿ ಉಪ್ಪಿನಕಾಯಿಯ ಒಂದು ಭರಣಿ. ಅದು ಖಾಲಿಯಾಗುವ ಮೊದಲೇ ಅವರು ಹೋದರು.

ಸರೋಜಳ ಮದುವೆಯ ದಿನ ನಾನು ಚಪ್ಪರದ ಕೆಳಗೆ ಬರುವ ಹಾಗಿರಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಪಂಕ್ತಿ ಕೂತಿತು. ಅನ್ನ ಬಡಿಸಿದರು, ತುಪ್ಪ ಹಾಕಿದರು. ಶೇಷಪ್ಪ ಕೈ ಕಟ್ಟಿ ಕೂತ. ಹೆಂಗಸರೆಲ್ಲ ಗೇಲಿ ಮಾಡಿದರು. "ಗಂಡಿನ ಬಾಯಿಗೆ ಬೀಗ ಬಿದ್ದಿದೆ, ಕೀಲಿ ತನ್ರೇ!" "ತೀರ್ಥಹಳ್ಳೀಲಿ ಉಂಡೇ ಬಂದಿರಬೇಕು!"

ಅಪ್ಪ ನಗುತ್ತ ಬಂದು ಅವನೆದುರು ಕೂತ. "ಎಂತ ಬೇಕು ಮಗಾ? ಕೆಂದು ಹಸುವಿನ ಕರು ಇದೆ. ಹೊಡ್ಕಂಡು ಹೋಗು."

ಹೂವಯ್ಯ ಪಕ್ಕದ ಎಲೆಯಿಂದ ಹೇಳಿದ: "ಸೊಸೈಟಿಯಲ್ಲಿ ಕೂರೋನು ಕರು ಕಟ್ಕಂಡು ಎಂತ ಮಾಡ್ತಾನೆ ಬೀಗ್ರೆ? ಅವನು ಬಾಯಲ್ಲಿ ಕೇಳೋನಲ್ಲ. ಎಲ್ಲಿ ನೋಡ್ತಿದಾನೆ ಅಂತ ನೀವೇ ನೋಡಿ."

ಶೇಷಪ್ಪ ತಲೆ ತಗ್ಗಿಸಿ ತನ್ನ ಎಲೆಯನ್ನು ನೋಡುತ್ತಿದ್ದ. ಆದರೆ ಪಂಕ್ತಿಯೆಲ್ಲ ಅಪ್ಪನ ಕೈ ನೋಡಿತು. ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಅಪ್ಪನೂ ನಕ್ಕ, ತಮಾಷೆ ಎಂದುಕೊಂಡು. ಹೂವಯ್ಯ ನಗಲಿಲ್ಲ. ಅನ್ನದ ಹಬೆ ನಿಂತಿತು.

"ಅದು ಅಪ್ಪನ ಕೆಲಸದ್ದು!" ಎಂದು ನಾನು ಬಾಗಿಲಿನಿಂದಲೇ ಕೂಗಿದೆ. "ಮನೇಲಿ ಬೆಳೆದಿದ್ದು ಕೇಳಿ!"

ಹೂವಯ್ಯ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಶುಭದ ಹೊತ್ತು. ಯಾರು ಮಾತಾಡಬೇಕೋ ಅವರು ಮಾತಾಡಿದ್ರೆ ಚೆಂದ" ಎಂದ.

ಅಪ್ಪ ಪಂಕ್ತಿಯ ಎಲೆಗಳನ್ನೆಲ್ಲ ಒಮ್ಮೆ ನೋಡಿದ. ಆಮೇಲೆ ಪಟ್ಟಿ ಬಿಚ್ಚಿ ವಾಚನ್ನು ಶೇಷಪ್ಪನ ಕೈಗೆ ಕಟ್ಟಿದ. ಪಟ್ಟಿ ಆ ಸಣ್ಣ ಮಣಿಕಟ್ಟಿಗೆ ಒಂದು ಸುತ್ತು ಹೆಚ್ಚೇ ಇತ್ತು. "ಉಣ್ಣು ಮಗಾ" ಎಂದ. ಚಪ್ಪರವೆಲ್ಲ ಚಪ್ಪಾಳೆ ತಟ್ಟಿತು. ಹೂವಯ್ಯನೇ ಮೊದಲು ಕೂಗಿದ್ದು: "ಕರ್ಣ ಕಣ್ರೋ, ನಮ್ಮ ಬೀಗರು ಕರ್ಣ!" ಕಿತ್ತುಕೊಂಡವನೇ ಕರ್ಣನೆಂದು ಹೆಸರಿಟ್ಟ. ಇಟ್ಟ ಹೆಸರು ಊರೂರು ತಿರುಗಿತು.

ಅವರು ಹೋದ ಮೇಲೆ ನಾನು ಅಪ್ಪನ ಮೇಲೆ ಹರಿಹಾಯ್ದೆ. "ಯಾಕೆ ಕೊಟ್ಟೆ? ಇಲ್ಲ ಅನ್ನಕ್ಕೆ ಬಾಯಿರಲಿಲ್ವಾ?"

ಅಪ್ಪ ತನ್ನ ಮಣಿಕಟ್ಟನ್ನು ಉಜ್ಜಿಕೊಂಡ. ಅಲ್ಲಿ ಬಿಸಿಲು ಕಾಣದ ಒಂದು ಬಿಳಿ ಪಟ್ಟೆ ಉಳಿದಿತ್ತು. "ಬಡಿಸಿದ ಎಲೆ ಮುಂದೆ ಕೂತಿದ್ದ ಕಣೆ ಹುಡುಗ. ನಮ್ಮನೇಲಿ ಯಾರೂ ಎಲೆ ಬಿಟ್ಟು ಎದ್ದಿಲ್ಲ. ಅವತ್ತೇ ಏಳಿಸ್ಲಾ?"

"ಹಾಗಾದ್ರೆ ಇನ್ನೊಂದು ತರ್ತೀನಿ."

"ಬ್ಯಾಡ. ನಾನು ಹೊಸದು ಕಟ್ಕಂಡ್ರೆ, ಕೊಟ್ಟಿದ್ದು ಅವನಿಗೇನು ಕಷ್ಟ ಆಗಿಲ್ಲ, ಇನ್ನೇನಾದ್ರೂ ಕೇಳನ ಅಂತಾರೆ. ಅಲ್ಲಿ ಸರೋಜ ಬಾಳಬೇಕು. ಬಿಡು."

ಬಿಡು ಎಂದರೆ ಹೇಗೆ ಬಿಡುವುದು? ಮಳೆ ಹಿಡಿಯಿತು. ಅಪ್ಪ ಮತ್ತೆ ಕೋಳಿ ಕೂಗುವ ಮೊದಲೇ ಬರಿ ಹೊಟ್ಟೆಯಲ್ಲಿ ಹೋಗಿ ಕೈಮರದಲ್ಲಿ ನಿಂತ. ತೀರ್ಥಹಳ್ಳಿಯಲ್ಲಿ ಗೋಡೆಗೆ ದೊಡ್ಡ ಗಡಿಯಾರವಿರುವ ಕಚೇರಿಯೊಳಗೆ, ಹೆಂಚಿನ ಕೆಳಗೆ ಬೆಚ್ಚಗೆ ಕೂತವನ ಕೈಯಲ್ಲಿ, ನೀರು ತಾಗದ ವಾಚು ನಡೆಯುತ್ತಿತ್ತು. ನಾನು ಶಾಲೆಯಲ್ಲಿ ಪಾಠ ಹೇಳುತ್ತಲೇ ಕಿಟಕಿಯಿಂದ ಮಳೆ ನೋಡಿ ಹಲ್ಲು ಕಚ್ಚುತ್ತಿದ್ದೆ. ಇನ್ನೊಂದು ಮಳೆಗಾಲ ಹೀಗೆಯೇ ಕಳೆಯಿತು. ಅದರ ಕೊನೆಯಲ್ಲಿ ಅಪ್ಪನಿಗೆ ಎದೆ ಕಟ್ಟಿ ಜ್ವರ ಬಂತು. ಗಾಡಿ ಕಟ್ಟಿಸಿ ಹೊಸನಗರದ ಆಸ್ಪತ್ರೆಗೆ ಒಯ್ದೆವು. ತಿರುಗಿ ತಂದದ್ದು ಹೆಣ. ವಾಚಿದ್ದಿದ್ದರೆ ಬದುಕುತ್ತಿದ್ದ ಎಂದು ನಾನು ಹೇಳುವುದಿಲ್ಲ. ಆಯುಸ್ಸು ತಾಯಿ ಗುತ್ಯಮ್ಮನ ಕೈಯಲ್ಲಿದೆ. ಆದರೆ ನೆನೆಯದೆ ಇರಬಹುದಾಗಿದ್ದ ಮಳೆಯಲ್ಲಿ ಅಪ್ಪ ನೆನೆದನಲ್ಲ, ಅದು ಗುತ್ಯಮ್ಮ ಮಾಡಿದ್ದಲ್ಲ.

ಹನ್ನೊಂದನೆಯ ದಿನ ಶೇಷಪ್ಪ ಹಿತ್ತಿಲಿಗೆ ಬಂದು, ವಾಚು ಬಿಚ್ಚಿ ನನ್ನ ಮುಂದೆ ಹಿಡಿದ. "ಅತ್ತಿಗೆ, ಇದು ನಿಮ್ಮ ಹತ್ರನೇ ಇರಲಿ. ಅವತ್ತು ನಾನು ಬಾಯಿ ಬಿಡಬೇಕಿತ್ತು" ಎಂದ. ಅವನ ಕಣ್ಣಲ್ಲಿ ನೀರಿತ್ತು. "ಕಟ್ಟಿಕೊಳ್ಳೋ ಕೈಯನ್ನ ನಿನ್ನೆ ಮೊನ್ನೆ ಸುಟ್ಟಿದೀವಿ. ಇನ್ನು ನನಗೆ ಎಂತಕ್ಕೆ?" ಎಂದು ವಾಚು ಮುಟ್ಟದೆ ಒಳಗೆ ಹೋದೆ.

ಇದು ನಡೆದದ್ದು. ಕೆರಿಯಪ್ಪನಿಗೂ ಅವತ್ತು ಜಗಲಿಯ ಮೇಲೆ ಇದನ್ನೆಲ್ಲ ಹೇಳಿ, "ವಾಚು ತರಬೇಡ" ಎಂದೆ.

ಅವನು ಚಂಚಿ ಸುತ್ತಿಕೊಂಡ. "ನೀವು ಹೇಳ್ತೀರಿ ಅಕ್ಕೋರೆ. ಹುಡುಗ ಎದ್ದು ಹೋದ್ರೆ ನನ್ನ ಜಲಜನ ಗತಿ ಎಂತ? ಸಂಬಂಧ ಮಾಡಿಸಿದೋನು ಹೂವಯ್ಯ. ಅವನೇ ಮೊದಲೇ ಹೇಳಿ ಕಳಿಸಿದಾನೆ."

"ಮದುವೆಗೆ ನಾನು ಬರ್ತೀನಿ" ಎಂದೆ. ಕೆರಿಯಪ್ಪ ಬನ್ನಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಗಂಡ ಸತ್ತವಳಿಗೆ ಅದಕ್ಕಿಂತ ಹೆಚ್ಚಿನ ಕರೆ ಬರುವುದಿಲ್ಲ.

ಮದುವೆಯ ದಿನ ನಾನು ಅವನ ಮನೆಯ ಅಡಿಗೆಯ ಚಪ್ಪರದಲ್ಲಿ ಕಾಯಿ ತುರಿಯುತ್ತ ಕೂತೆ. ಕೆರಿಯಪ್ಪ ನೀರು ಕುಡಿಯಲು ಬಂದವನು ನನ್ನ ಪಕ್ಕ ಬಗ್ಗಿ, "ತಂದ್ಬಿಟ್ಟೆ ಅಕ್ಕೋರೆ. ಕಿಸೇಲಿದೆ" ಎಂದು ಪಿಸುಗುಟ್ಟಿದ. ಅವನ ಮುಖದಲ್ಲಿ ಮಗಳ ಮದುವೆಯ ಕಳೆಯೇ ಇರಲಿಲ್ಲ.

ಪಂಕ್ತಿ ಕೂತಿತು. ಮದುಮಗ ಜಟ್ಟಪ್ಪ, ಮೀಸೆ ಈಗ ತಾನೇ ದಪ್ಪವಾಗುತ್ತಿರುವ ಹುಡುಗ, ಕೈ ಕಟ್ಟಿ ಕೂತ. ಕೆರಿಯಪ್ಪ ಬಂದು ಎದುರು ನಿಂತ. ಒಂದು ಕೈ ಅಂಗಿಯ ಕಿಸೆಯಲ್ಲಿತ್ತು.

"ಹುಡುಗ ಮುನಿದಿದಾನೆ ಕೆರಿಯಪ್ಪ" ಎಂದ ಹೂವಯ್ಯ. "ಪಾಪ, ಊಟಕ್ಕೆ ಹೊತ್ತಾಯ್ತೋ ಇಲ್ವೋ ಅಂತ ನೋಡಕ್ಕೆ ಕೈಯಲ್ಲಿ ಏನೂ ಇಲ್ಲ ಅವನಿಗೆ." ಕೆಲವರು ನಕ್ಕರು. ಅವನು ಇನ್ನೂ ಉಬ್ಬಿದ. "ನಾನು ಕೇಳ್ತಿಲ್ಲಪ್ಪ. ಹುಲಿಯಪ್ಪ ಹಾಕಿಕೊಟ್ಟ ದಾರಿ. ಅವರ ಮಗಳು ಅಲ್ಲೇ ಒಳಗಿದಾರೆ, ಬೇಕಾದ್ರೆ ಕೇಳು, ಎಷ್ಟು ಸಂತೋಷದಿಂದ ಕೊಟ್ರು ಅಂತ."

ನಾನು ಬಾಯಿ ಮುಚ್ಚಿಕೊಂಡಿರುತ್ತೇನೆಂದು ಅವನ ಧೈರ್ಯ. ತುರಿಯುತ್ತಿದ್ದ ಕಾಯಿಯನ್ನು ಕೆಳಗಿಟ್ಟು, ಸೆರಗು ಹೊದೆದು, ನೇರವಾಗಿ ಮದುವೆಯ ಚಪ್ಪರದೊಳಗೆ ನಡೆದು ಪಂಕ್ತಿಯ ನಡುವೆ ನಿಂತೆ. ಹೆಂಗಸರಲ್ಲಿ ಒಬ್ಬಳು ಅಯ್ಯೋ ಎಂದಳು.

"ಕೇಳಿದ್ರಲ್ಲ, ಹೇಳ್ತೀನಿ" ಎಂದೆ. "ಸಂತೋಷದಿಂದ ಕೊಡಲಿಲ್ಲ. ಅನ್ನ ಬಡಿಸಿದ ಎಲೆ ಮುಂದಿಟ್ಕಂಡು ನೀವು ಕೇಳಿದ್ರಿ. ಇಲ್ಲ ಅಂದ್ರೆ ನಲವತ್ತು ಜನ ಹಸಿದು ಏಳ್ತಾರೆ ಅಂತ ಕೊಟ್ಟ. ಬೆಳೆದಿದ್ದು ಕೇಳೋ ಶಾಸ್ತ್ರದಲ್ಲಿ ಅವನ ದುಡಿಮೆಯ ಸಾಮಾನು ಕಿತ್ಕಂಡ್ರಿ. ಆಮೇಲೆ ನಮ್ಮಪ್ಪ ಎರಡು ಮಳೆಗಾಲ ಕೈಮರದಲ್ಲಿ ನೆನೆದ. ಅನ್ನಪೂರ್ಣೆಯ ಎಲೇನ ಬಲೆ ಮಾಡಿದೋರು ನೀವು. ಇನ್ನು ಯಾರಾದ್ರೂ ನಮ್ಮಪ್ಪನ ಹೆಸರು ಹೇಳಿ ವಾಚು ಕೇಳಿದ್ರೆ, ತಾಯಿ ಗುತ್ಯಮ್ಮನಾಣೆ, ಆ ಮನೆ ಚಪ್ಪರಕ್ಕೆ ಬಂದು ಇದನ್ನೇ ಹೇಳ್ತೀನಿ. ಅಪಶಕುನ ಆದ್ರೆ ಆಗಲಿ."

ಹೂವಯ್ಯನ ಮುಖ ಕಪ್ಪಿಟ್ಟಿತು. "ಮದುವೆ ಚಪ್ಪರದಲ್ಲಿ ಗಂಡ ಸತ್ತೋಳು ಬಂದು..."

"ಸುಮ್ನಿರೊ ಹೂವಯ್ಯ" ಎಂದು ಗಂಡಿನ ಕಡೆಯ ಮೂಲೆಯಿಂದ ಒಂದು ಒಡಕು ದನಿ ಬಂತು. ಮದುಮಗನ ಅಜ್ಜಿ ಮೂಕಮ್ಮ. "ನಾನೂ ಗಂಡ ಸತ್ತೋಳೇ. ಲಿಂಗನಮಕ್ಕಿಗೂ ಹಿಂದಿನ ಹಳೇ ಡ್ಯಾಮಿನ ನೀರು ಮುಳುಗಿಸಿದ ಮನೆ ಬಿಟ್ಟು ಈ ಹುಡುಗನ್ನ ಸೊಂಟದ ಮೇಲೆ ಹೊತ್ತು ಬ್ಯಾಕೋಡಿಗೆ ತಂದು ಸಾಕಿದೋಳು ನಾನು. ನಾನಿಲ್ಲಿ ಕೂತಿದೀನಿ. ನನ್ನೂ ಏಳಿಸ್ತೀಯಾ?" ಆಮೇಲೆ ಮೊಮ್ಮಗನಿಗೆ, "ಏ ಜಟ್ಟಪ್ಪ, ಎಂತ ಬೊಂಬೆ ಹಂಗೆ ಕೂತಿದೀಯ? ಅನ್ನ ಆರ್ತದೆ. ಕೇಳೋದನ್ನ ಬೇಗ ಕೇಳೊ, ನಂಗೆ ಹಸಿವು" ಎಂದಳು.

ಹುಡುಗ ತನ್ನ ಕಡೆಯವರನ್ನೆಲ್ಲ ಒಮ್ಮೆ ನೋಡಿದ. ಅಜ್ಜಿಯನ್ನು ನೋಡಿದ. ಕೆರಿಯಪ್ಪನ ಕಿಸೆಯನ್ನೂ ನೋಡಿದನೆಂದು ಕಾಣುತ್ತದೆ. "ಮಾವ" ಎಂದ, "ನಿಮ್ಮ ಕೊಟ್ಟಿಗೆ ಹಿಂದೆ ಹಲಸಿನ ಮರ ಇದೆಯಲ್ಲ. ಬಂದಾಗಿಂದ ವಾಸನೆ ಹೊಡೀತಿದೆ. ಅದರದ್ದು ಒಂದು ಹಣ್ಣು ಕೊಡಿ."

"ಒಂದಲ್ಲ ಮಗಾ, ಮರನೇ ತಗ!" ಎಂದು ಕೆರಿಯಪ್ಪ ಕಿಸೆಯಿಂದ ಕೈ ತೆಗೆದ. ಕೈ ಬೆವರಿತ್ತು, ಬರಿದಾಗಿತ್ತು. ಚಪ್ಪರವೆಲ್ಲ ನಗೆ. ಜಟ್ಟಪ್ಪ ಅನ್ನ ಕಲಸಿದ. ಪಂಕ್ತಿ ಉಣ್ಣತೊಡಗಿತು.

ಹೂವಯ್ಯ ಎಲೆಯ ಮುಂದಿನಿಂದ ಎದ್ದುಬಿಟ್ಟ. ಶಲ್ಯ ಕೊಡವಿ ಹೆಗಲಿಗೆ ಹಾಕಿ, ಅಂಗಳದ ತುದಿಗೆ ಹೋಗಿ, ಯಾರಾದರೂ ಕರೆಯಲು ಬರುತ್ತಾರೆಂದು ಬೆನ್ನು ತಿರುಗಿಸಿ ನಿಂತ. ಯಾರೂ ಹೋಗಲಿಲ್ಲ. ಸಾರಾಯಿತು, ಪಲ್ಯವಾಯಿತು, ಪಾಯಸ ಬಂತು. ಅವನ ಎಲೆಯ ಮೇಲೆ ನೊಣ ಕೂತಿತು. ನಿಲ್ಲಲಿ, ಹಸಿದು ನಿಲ್ಲಲಿ ಎಂದು ನಾನು ಅಡಿಗೆಯ ಚಪ್ಪರದ ಅಂಚಿನಲ್ಲಿ ನಿಂತು ನೋಡಿದೆ. ಆ ನೋಟ ನನ್ನ ಹೊಟ್ಟೆಗೆ ತಂಪಾಗಿತ್ತೆಂದರೆ ಸುಳ್ಳಲ್ಲ. ಆದರೆ ಬಹಳ ಹೊತ್ತು ನೋಡಲಾಗಲಿಲ್ಲ. ಬಡಿಸಿದ ಎಲೆ ಬಿಟ್ಟು ಎದ್ದವನು ಯಾರಾದರೇನು, ನಾನು ಹುಲಿಯಪ್ಪನ ಮನೆಯಲ್ಲಿ ಉಂಡು ಬೆಳೆದವಳು.

ತಂಬಿಗೆಯಲ್ಲಿ ನೀರು ತೆಗೆದುಕೊಂಡು ಅಂಗಳಕ್ಕೆ ಹೋದೆ. "ಬಂದು ಊಟ ಮಾಡಿ" ಎಂದೆ.

"ಹತ್ತು ಜನರ ಮುಂದೆ ನನ್ನ ಮರ್ಯಾದೆ ತೆಗೆದೆ ನೀನು."

"ತೆಗೆದೆ. ಇನ್ನೂ ತೆಗೆಯೋದಿದೆ. ಮೊದಲು ಉಣ್ಣಿ."

ಅವನು ನನ್ನನ್ನು ದುರುಗುಟ್ಟಿ ನೋಡಿದ. ಆಮೇಲೆ ಕೈ ತೊಳೆದು, ಕೊನೆಯ ಪಂಕ್ತಿಯಲ್ಲಿ, ಹುಡುಗರ ಸಾಲಿನಲ್ಲಿ ಬಂದು ಕೂತ. ಹೊಸ ಎಲೆ ಹಾಕಿ ನಾನೇ ಬಡಿಸಿದೆ. ನನ್ನ ಕೈಯಿಂದ ಬಡಿಸಿಕೊಳ್ಳುವುದಿಲ್ಲ ಎನ್ನಲು ಅವನನ್ನು ಹಸಿವು ಬಿಡಲಿಲ್ಲ. ತಲೆ ಎತ್ತದೆ ಉಂಡ.

"ಸ್ವಲ್ಪ ಸಾರು" ಎಂದ ಕೊನೆಗೆ.

ಬಡಿಸಿದೆ. ಸಾಕೆಂದು ಕೈ ಅಡ್ಡ ಹಿಡಿದ. ಕೈಯ ಸಂದಿನಿಂದಲೇ ಇನ್ನೊಂದು ಸೌಟು ಹಾಕಿ ಒಳಗೆ ಬಂದೆ.